ಭೂಮಿ ತಳ್ಳುತ್ತದೆಂದು ನಾನು ಕಂಡುಹಿಡಿದದ್ದು

ಭೌತಶಾಸ್ತ್ರ ಪಾಠ ಮಾಡುವವಳಿಗೆ ಒಂದು ಮೈನಸ್ ಚಿಹ್ನೆ ಯಾವ ಲೆಕ್ಕ! ಹೀಗೆ ಅಂದುಕೊಂಡೇ ನಾನು ಕೆಟ್ಟೆ.

ನನ್ನ ಪಿಎಚ್‌ಡಿ ವಿಷಯ ಹೇಳುವುದಕ್ಕೆ ಬಹಳ ಸುಲಭ. ಕ್ವಾಂಟಂ ಕ್ಷೇತ್ರ ಸಿದ್ಧಾಂತದ ಪ್ರಕಾರ ಎರಡು ಕಣಗಳು ಹತ್ತಿರ ಬಂದು, ನಡುವೆ ಗ್ರಾವಿಟಾನ್ ಎಂಬ ಒಂದು ಗುರುತ್ವದ ಕಣ ಕೊಟ್ಟು ತೆಗೆದುಕೊಂಡು, ದಿಕ್ಕು ಬದಲಿಸಿ ಚದುರುತ್ತವೆ. ಆ ಚದುರುವಿಕೆಯ ಲೆಕ್ಕದಿಂದ, ಶಾಲೆಯಲ್ಲಿ ಕಲಿತ ಅದೇ ಹಳೆಯ ಗುರುತ್ವಾಕರ್ಷಣೆಯ ಸೂತ್ರವನ್ನು ಹೊರತೆಗೆಯಬೇಕು. ಕೊನೆಗೆ ಮೈನಸ್ ಬಂದರೆ ವಸ್ತುಗಳು ಒಂದನ್ನೊಂದು ಎಳೆಯುತ್ತವೆ, ಪ್ಲಸ್ ಬಂದರೆ ತಳ್ಳುತ್ತವೆ. ಇದನ್ನು ಕಾಲೇಜಿನಲ್ಲಿ ಸೇರುವ ಸಂಶೋಧನಾ ಸಮಿತಿಯ ಮುಂದೆ ತೋರಿಸಿದರೆ ಪ್ರಬಂಧ ಸಲ್ಲಿಸಲು ಅನುಮತಿ. ಕೊಟ್ಟ ಅವಧಿಯೆಲ್ಲ ಮುಗಿದು, ಇದೇ ಕೊನೆಯ ಅವಕಾಶವಾಗಿತ್ತು.

ಮಾನ್ವಿಯಿಂದ ರಾಯಚೂರಿನ ಕಾಲೇಜಿಗೆ ನನ್ನದು ದಿನವೂ ಬಸ್ ಪ್ರಯಾಣ. ಸಮಿತಿಯ ಸಭೆಯ ಹಿಂದಿನ ದಿನ ಕಿಟಕಿ ಪಕ್ಕ ಸೀಟು ಸಿಕ್ಕ ಹುರುಪಿಗೆ ಬಸ್ಸಿನಲ್ಲೇ ಲೆಕ್ಕ ಮುಗಿಸಿದೆ. ಸಂಜೆ ರೊಟ್ಟಿ ಬಡಿಯುವಾಗ ಏನೋ ನೆನಪಾಗಿ, ಹಿಟ್ಟಿನ ಕೈಯಲ್ಲೇ ಒಮ್ಮೆ ತಿದ್ದಿದೆ. ಉತ್ತರ ಪ್ಲಸ್ ಬಂತು.

ಬುದ್ಧಿ ಇದ್ದವರು ತಪ್ಪು ಹುಡುಕುತ್ತಿದ್ದರು. ನಾನು ಹೊಸ ಶೋಧವೆಂದು ಉಬ್ಬಿದೆ!

ನಮ್ಮ ಯಜಮಾನರದು ಅಕ್ಕಿ ಅಂಗಡಿ. ಅವರಿಗೆ ಭೌತಶಾಸ್ತ್ರ ಬೇಕಿಲ್ಲ, ಹೆಂಡತಿಯ ಹೆಚ್ಚುಗಾರಿಕೆ ಸಾಕು. ಬೆಳಗ್ಗೆ ನಾನು ಬಸ್ ಹತ್ತುವಷ್ಟರಲ್ಲಿ, ಭೂಮಿ ಎಳೆಯುವುದಿಲ್ಲ, ತಳ್ಳುತ್ತದೆ ಎಂಬ ಸುದ್ದಿ ಪೇಡೆಯ ಜೊತೆ ಅಂಗಡಿ ಸಾಲಿಗೆಲ್ಲ ಹಂಚಿಯಾಗಿತ್ತು. ದೇವದುರ್ಗದ ನನ್ನ ತವರಿಗೂ ಫೋನ್ ಹೋಗಿತ್ತು.

ಸಮಿತಿಯ ಮುಂದೆ ಗಂಭೀರವಾಗಿ ಮಂಡಿಸಿದೆ. ಹಿರಿಯ ಸದಸ್ಯರೊಬ್ಬರು ಕನ್ನಡಕ ತೆಗೆದರು.

"ಹಂಗಾದ್ರ ನಾವೆಲ್ಲಾ ಕುರ್ಚಿ ಮ್ಯಾಲ ಹೆಂಗ ಕುಂತೀವ್ರಿ ಮೇಡಂ?"

ಅಲ್ಲಿಗೆ ಬಾಯಿ ಮುಚ್ಚಬಹುದಿತ್ತು. ಇದು ಕ್ವಾಂಟಂ ಪರಿಣಾಮವೆಂದು ವಾದಕ್ಕಿಳಿದೆ, ಕೈ ಬೀಸಿದೆ. ಕೈಯಲ್ಲಿದ್ದ ಡಸ್ಟರ್ ಜಾರಿ ಅವರ ಕಾಲ ಮೇಲೇ ಬಿತ್ತು. ತಳ್ಳುವ ಲಕ್ಷಣ ಅದಕ್ಕೆ ಒಂಚೂರೂ ಇರಲಿಲ್ಲ.

ತಪ್ಪನ್ನು ಹುಡುಕಿದವರು ನನ್ನ ಗೈಡ್. ಚದುರುವಿಕೆಯ ಲೆಕ್ಕದಿಂದ ಸೂತ್ರಕ್ಕೆ ಬರುವಾಗ ಒಂದು ಮೈನಸ್ ಹಾಕಬೇಕು. ಅದನ್ನು ಬಸ್ಸಿನಲ್ಲಿ ಹಾಕಿದ್ದೆ. ಮರೆತೆನೆಂದುಕೊಂಡು ರೊಟ್ಟಿ ಬಡಿಯುವಾಗ ಮತ್ತೆ ಹಾಕಿದ್ದೆ. ಎರಡು ಮೈನಸ್ ಸೇರಿ ಪ್ಲಸ್ ಆಗುತ್ತದೆಂದು ಹೈಸ್ಕೂಲಿನಲ್ಲೇ ಕಲಿತವಳು ನಾನು! ಸಾರಿಗೆ ಎರಡು ಸಲ ಉಪ್ಪು ಬಿದ್ದರೆ ಉಣ್ಣುವವರು ಹೇಳುತ್ತಾರೆ, ಇದನ್ನು ಮನೆಯಲ್ಲಿ ಯಾರು ಹೇಳಬೇಕು? ಗೈಡ್ ಬೇಡಿಕೊಂಡಿದ್ದಕ್ಕೆ, ತಿದ್ದಿ ಮತ್ತೊಮ್ಮೆ ತರಲು ಸಮಿತಿ ಒಪ್ಪಿತು. ಪಿಎಚ್‌ಡಿ ಉಳಿಯಿತು, ಮರ್ಯಾದೆ ಹೋಯಿತು.

ಸಂಜೆ ಮಾನ್ವಿಯಲ್ಲಿ ಇಳಿದು ಅಂಗಡಿಗೆ ಹೋದರೆ ಅಲ್ಲಿ ತಕರಾರು. ಭೂಮಿ ತಳ್ಳುವುದಾದರೆ ಚೀಲಕ್ಕೆ ತೂಕ ಎಲ್ಲಿಂದ ಬಂತು, ನಿಮ್ಮ ತಕ್ಕಡಿಯೇ ಸುಳ್ಳು ಎಂದು ಗಿರಾಕಿಯೊಬ್ಬ ಪಟ್ಟು ಹಿಡಿದಿದ್ದ. ಯಜಮಾನರು ನನ್ನನ್ನು ಕಂಡದ್ದೇ ಹಿಗ್ಗಿದರು.

"ಬಂದ್ಲು ನೋಡ್ರಿ, ಈಕಿನ್ನ ಕೇಳ್ರಿ."

ಅಂಗಡಿ ಸಾಲೆಲ್ಲ ನನ್ನ ಕಡೆ ತಿರುಗಿತು. ವರ್ಷಗಟ್ಟಲೆ ಮಾಡಿದ ಸಂಶೋಧನೆಯ ಸರಿಯಾದ ಫಲಿತಾಂಶವನ್ನು ನಾನು ಮೊಟ್ಟಮೊದಲು ಮಂಡಿಸಿದ್ದು ಹೀಗೆ, ಅಕ್ಕಿ ಚೀಲಗಳ ನಡುವೆ ತಲೆ ತಗ್ಗಿಸಿ ನಿಂತು:

"ಇಲ್ರಿ, ಭೂಮಿ ಮೊದಲಿನಂಗ ಎಳೀತದ."

ಒಬ್ಬರೂ ಆಕ್ಷೇಪ ಎತ್ತಲಿಲ್ಲ.