ದೊರೆಯ ಗೋರಿಗೆ ಎರಡು ಬಣ್ಣ

ಈಜಿಪ್ಟ್ ಗೆದ್ದುಕೊಂಡಿರುವ ನಮ್ಮ ಕುಶ್ ಸೀಮೆಯ ಅಧಿಪತಿಗೆ ‘ರಾಜಕುಮಾರ’ ಎಂಬ ಬಿರುದಿದೆ. ಅವರು ರಾಜನ ಮಗನಲ್ಲ, ಕುಶ್‌ನವರೂ ಅಲ್ಲ. ಈಜಿಪ್ಟಿನಿಂದ ನೇಮಕವಾಗಿ ಬಂದವರು. ಇದರಲ್ಲಿ ಯಾರಿಗೂ ತಕರಾರಿಲ್ಲ.

ಅವರ ಕೈಕೆಳಗಿನ ನಮ್ಮ ದೊರೆ ಕತುರಾ ಮಾತ್ರ ಇಲ್ಲಿಯವರೇ. ಚಿಕ್ಕಂದಿನಲ್ಲಿ ಅವರನ್ನು ಹಿಡಿದೊಯ್ದು ಫೇರೋನ ಅರಮನೆಯಲ್ಲಿ ಸಾಕಲಾಯಿತು. ಇದಕ್ಕೆ ವಿದ್ಯಾಭ್ಯಾಸ ಎಂದು ಹೆಸರು. ನೆಬ್ಸೆನಿ ಎಂಬ ಹೊಸ ಹೆಸರು, ಬಿಳಿ ನಾರುಮಡಿ ಸಮೇತ ಹಿಂತಿರುಗಿದರು. ಈಚೆಗೆ ಕಾಯಿಲೆ ಬಿದ್ದು, ನೈಲ್ ದಂಡೆಯ ಬಂಡೆಯಲ್ಲಿ ಗೋರಿ ಕೊರೆಸಿದರು. ಸತ್ತ ಮೇಲೆ ಆತ್ಮ ಗೋಡೆಯ ಮೇಲಿನ ತನ್ನ ಚಿತ್ರವನ್ನು ಗುರುತಿಸಿ ಅಲ್ಲಿ ಊಟಕ್ಕೆ ಕೂರುತ್ತದೆ. ಗುರುತು ಸಿಗದಿದ್ದರೆ ಉಪವಾಸ, ಅದೂ ಶಾಶ್ವತವಾಗಿ.

ಈಜಿಪ್ಟಿನ ಥೀಬ್ಸ್ ಪಟ್ಟಣದಿಂದ ಬಂದ ಚಿತ್ರಗಾರ ಪಶೆದು ನಿಯಮ ತಿಳಿಸಿದ: ಈಜಿಪ್ಟಿನ ಗಂಡಸಿಗೆ ಕೆಂಪು, ಕುಶ್‌ನವನಿಗೆ ಕಪ್ಪು. ದೊರೆ ಕೆಂಪು ಕೇಳಿದರು, ಕೊಡಲಾಯಿತು. ದೊರೆಯ ತಾಯಿ ತೆನೂರಾ ಬಂದು ಚಿತ್ರದ ಮುಂದೆ ದೀಪ ಹಿಡಿದು ನಿಂತರು.

“ಯಾರಪ್ಪಾ ಇದು?”

“ನಾನೇ ಕಣವ್ವ.”

“ಹೆತ್ತವಳಿಗೇ ಗುರುತು ಸಿಗ್ತಿಲ್ಲ. ನಿನ್ನ ಆತ್ಮಕ್ಕೇನು ನನಗಿಂತ ಚೆನ್ನಾಗಿ ಕಣ್ಣು ಕಾಣುತ್ತಾ?”

ದೊರೆಗೆ ಅಂದಿನಿಂದ ಊಟ ಸೇರಲಿಲ್ಲ. ಕಪ್ಪು ಬಳಿ ಎಂದರು. ಅಧಿಪತಿಯ ಕಚೇರಿಯಿಂದ ಗುಮಾಸ್ತ ಬಂದು ಪರಿಶೀಲಿಸಿದ. ಪೀಠದ ಮೇಲೆ ಕಪ್ಪು ಕೂರುವಂತಿಲ್ಲ. ಕಪ್ಪು ಬಣ್ಣದವನು ತಲೆಗೆ ಗರಿ ಸಿಕ್ಕಿಸಿ, ಮಂಡಿಯೂರಿ, ಕಪ್ಪ ಒಪ್ಪಿಸಬೇಕು. ಅಲ್ಲದೆ ಗೌರವಸ್ಥರ ಗೋರಿಯಲ್ಲಿ ಕುಶ್‌ನ ದೊರೆ ಕಪ್ಪ ತರುವ ದೃಶ್ಯ ಇರಲೇಬೇಕು. ಇಲ್ಲಿ ಅದಿಲ್ಲದಿರುವುದು ಲೋಪ.

“ಕುಶ್‌ನ ದೊರೆ ಅಂದ್ರೆ ಇವರೇ ಅಲ್ವಾ ಸ್ವಾಮಿ?” ಎಂದ ಪಶೆದು.

“ಹೌದು. ಅವರನ್ನೇ ಬರಿ.”

“ಯಾರ ಮುಂದೆ ಮಂಡಿಯೂರಿಸ್ಲಿ?”

“ಗೋರಿ ಯಾರದೋ ಅವರ ಮುಂದೆ.”

ಹೀಗೆ ಕಪ್ಪು ದೊರೆ ಕೆಂಪು ದೊರೆಯ ಮುಂದೆ ಮಂಡಿಯೂರಿ, ಬಂಗಾರದ ಬಳೆ, ಜಿರಾಫೆ ಬಾಲ ಒಪ್ಪಿಸಿದರು. ಮೇಲೆ ‘ಹೀನ ಕುಶ್‌ನ ದೊರೆ’ ಎಂದು ಬರೆಯಲಾಯಿತು. ‘ಹೀನ’ ಬೈಗುಳವಲ್ಲ, ಕಚೇರಿಯ ಬರಹದಲ್ಲಿ ಅದು ನಮ್ಮ ನಾಡಿನ ಹೆಸರಿನ ಮೊದಲ ಭಾಗ. ತೆನೂರಾ ಮಂಡಿಯೂರಿದವನ ಕೆನ್ನೆ ಸವರಿ, ಇವನು ನನ್ನ ಮಗ ಎಂದರು. ದೊರೆ ನೆಮ್ಮದಿಯಿಂದ ತೀರಿಕೊಂಡರು.

ತಾಯಿ ರೊಟ್ಟಿ ತಂದು ಮಂಡಿಯೂರಿದ ಮಗನ ಮುಂದಿಟ್ಟರು. ಪುರೋಹಿತರು ಅದನ್ನು ಕೆಂಪು ದೊರೆಯ ಕಡೆಗೆ ಸರಿಸಿದರು. ಮಂಡಿಯೂರಿದವರು ಕೊಡಬೇಕು, ತಿನ್ನುವಂತಿಲ್ಲ.

“ಅವನಿಗೆ ಹಸಿವಾದ್ರೆ?”

“ದೊರೆಗಳನ್ನ ಕೇಳಿಕೊಳ್ಳಲಿ, ಅಮ್ಮಾ. ಧಾರಾಳ ಮನುಷ್ಯ.”

ತೆನೂರಾ ಯೋಚಿಸಿ ತಲೆಯಾಡಿಸಿದರು. ಈಗ ಗೋರಿಗೆ ಹೋದಾಗಲೆಲ್ಲ ಅವರು ಕೆಂಪು ದೊರೆಗೆ ಕೈಮುಗಿದು, ತಮ್ಮ ಮಗನಿಗೂ ಒಂದು ತುಂಡು ಕೊಡಬೇಕೆಂದು ಬೇಡಿಕೊಳ್ಳುತ್ತಾರೆ. ಅವರ ಜೊತೆ ನಾವೂ ಶಿಫಾರಸು ಮಾಡುತ್ತೇವೆ.