ಮದುವೆ ಗಾದಿಯ ಮೇಲೆ ಲಾಗ

ಜಗಳೂರಿನಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುವ ಅಲ್ಲಾವುದ್ದೀನ್ ನಾನೇ. ಇಡೀ ಪೇಟೆಯನ್ನು ಮೆತ್ತಗೆ ಮಲಗಿಸುವವನ ಮಗ, ಲಾಗ ಹಾಕಲು ಹೋಗಿ ಶಾಲೆಯ ಅಂಗಳದಲ್ಲಿ ಬಿದ್ದು ಹಣೆ ಊದಿಸಿಕೊಂಡು ಬಂದರೆ ನನ್ನ ಮರ್ಯಾದೆ ಏನಾಗಬೇಡ? ಶಾಲೆ ತಪಾಸಣೆಗೆ ಇನ್‌ಸ್ಪೆಕ್ಟರ್ ಸಾಹೇಬರು ಬರುವ ದಿನ ಲಾಗ ಬಾರದವರು ಕೊನೆಯ ಸಾಲಿನಲ್ಲಿ ನಿಲ್ಲಬೇಕಂತೆ. ಮಗ ಚಾಂದ್ ಅಳುತ್ತ ಹೇಳಿದ. ಪ್ರಾಣ ಹೋದರೂ ಸರಿ (ನನ್ನದು, ಅವನದಲ್ಲ), ಮನೆಯಲ್ಲೇ ಪೆಟ್ಟಾಗದಂತೆ ಕಲಿಸಿಯೇ ತೀರುವೆನೆಂದು ಭೀಷ್ಮಪ್ರತಿಜ್ಞೆ ಮಾಡಿದೆ.

ಸಾಹುಕಾರ ಮುರುಗೇಶಪ್ಪನವರ ಮಗಳ ಮದುವೆಗೆಂದು ಹೊಲಿದ ಗಾದಿಗಳು ಪಡಸಾಲೆಯಲ್ಲಿದ್ದವು. ಯುದ್ಧದ ಕಾಲ, ಬಟ್ಟೆಗೆ ಬರ; ಅದನ್ನು ಅವರೇ ಎಲ್ಲೆಲ್ಲೋ ಅಲೆದು ತಂದುಕೊಟ್ಟಿದ್ದರು. ಆ ಗಾದಿಗಳನ್ನೇ ಒಂದರ ಮೇಲೊಂದು ಪೇರಿಸಿದೆ.

ಹೆಂಡತಿ ತಾಜ್‌ಬೀ ಒಲೆ ಬಿಟ್ಟು ಓಡಿಬಂದಳು. "ಅವು ಮದ್ವೆ ಗಾದಿ ಕಣ್ರೀ! ಸಂಜೆಗೆ ಒಯ್ಯಾಕೆ ಬರ್ತಾರೆ."

"ಮಗನ ಕತ್ತು ಮುರಿದ್ರೆ ನೀನು ಹೊಲಿದು ಕೊಡ್ತೀಯೇನು?"

"ಒಂದು ಚಾಪೆ ಹಾಸಿ, ಕತ್ತಿಗೆ ಕೈ ಕೊಟ್ರೆ ಸಾಕು. ಇಷ್ಟು ಮೆತ್ತಗಿದ್ರೆ ತಲೆ ಹೂತು ಹೋಗ್ತೈತೆ, ಉರುಳಾಕೆ ಆಗಲ್ಲ."

"ಗಾದಿ ವಿಷ್ಯ ನಂಗೇ ಹೇಳಾಕೆ ಬಂದ್ಯಾ?"

ಚಾಂದ್‌ನನ್ನು ಮೇಲೆ ಹತ್ತಿಸಿ ಉಪದೇಶ ಮಾಡಿದೆ: "ಗದ್ದ ಎದೆಗೆ ಹಚ್ಚು. ತಲೆ ಊರಬ್ಯಾಡ. ಬೆನ್ನು ಬಗ್ಗಿಸಿ ಉರುಳು." ಹುಡುಗ ಕೈ ಊರಿದ. ಮೊಣಕೈವರೆಗೂ ಇಳಿಯಿತು. ಹೆದರಿ, "ನೀನೇ ಹಾಕಿ ತೋರ್ಸಪ್ಪಾ" ಎಂದ.

ಚಲ್ಲಣ ಬಿಗಿದು, ಬಿಸ್ಮಿಲ್ಲಾ ಎಂದು ಬಗ್ಗಿದೆ. ತಲೆ ಒಳಗೆ ಹೋಯಿತು, ಹೆಗಲೂ ಹೋಯಿತು. ಕಾಲುಗಳು ಮಾತ್ರ ಮೇಲೆದ್ದು ಎದುರು ಗೋಡೆಗೆ ಆತುಕೊಂಡವು. ಆ ಕಡೆ ಬೀಳಲಾರೆ, ಈ ಕಡೆ ಬರಲಾರೆ.

ಆಗಲೇ ಬಾಗಿಲಲ್ಲಿ ಮುರುಗೇಶಪ್ಪನವರ ದನಿ. "ಯಾರ ಕಾಲವ್ವ ಇವು?"

"ನಮ್ಮ ಮನೆಯವರವೇ ರೀ" ಎಂದಳು ತಾಜ್‌ಬೀ, ತಣ್ಣಗೆ.

ನಿಜ ಹೇಳಿದರೆ ಕಸುಬಿನ ಹೆಸರೇ ಹಾಳು. ಹತ್ತಿಯೊಳಗಿಂದಲೇ ಕೂಗಿದೆ: "ಪರೀಕ್ಷೆ ಸಾವ್ಕಾರ್ರೇ! ಲಾಗ ಹಾಕಿದ್ರೂ ಒಳಗೆ ಹತ್ತಿ ಗಂಟು ಕಟ್ಟಬಾರ್ದು. ಹಿಂಗೆ ನೋಡ್ದೆ ನಾವು ಗಾದಿ ಕೊಡಾಕಿಲ್ಲ!"

ಅವರು ಹಿಗ್ಗಿಹೋದರು. ನನ್ನನ್ನು ಮೂಲಂಗಿ ಕಿತ್ತಂತೆ ಕಿತ್ತು ನಿಲ್ಲಿಸಿ, "ಭೇಷ್! ಮೇಲಿಂದು ಒಂದಾತು. ಉಳಿದವನ್ನೂ ನನ್ನ ಕಣ್ಣೆದುರೇ ನೋಡಿಬಿಡು" ಎಂದು ಜಗಲಿಯ ಮೇಲೆ ಕೂತೇಬಿಟ್ಟರು.

ಒಂದೊಂದಾಗಿ ಹಾಸಿದೆ, ಒಂದೊಂದಾಗಿ ಉರುಳಿದೆ. ಅಯ್ಯೋ ನನ್ನ ಸೊಂಟವೇ! ಅಷ್ಟರಲ್ಲಿ ತಾಜ್‌ಬೀ ಹಿತ್ತಲಲ್ಲಿ ಚಾಪೆ ಹಾಸಿ, ಮಗನ ಕತ್ತಿಗೆ ಕೈ ಕೊಟ್ಟು ಕಲಿಸಿಯೂ ಆಗಿತ್ತು. ಇನ್‌ಸ್ಪೆಕ್ಟರ್ ಬಂದ ದಿನ ಚಾಂದ್ ಮುಂದಿನ ಸಾಲಿನಲ್ಲಿ ನಿಂತು ಶಾಭಾಸ್ ಎನ್ನಿಸಿಕೊಂಡನಂತೆ. ನೋಡಲು ಹೋಗಬೇಕೆಂದು ಜೀವ ಬಡಿದುಕೊಂಡಿತು, ಕತ್ತು ತಿರುಗಲಿಲ್ಲ.

ಮುರುಗೇಶಪ್ಪನವರು ಮದುವೆಗೆ ಬಂದವರಿಗೆಲ್ಲ ನನ್ನ ಕೀರ್ತಿ ಸಾರಿದ್ದಾರೆ. ಈಗ ಚನ್ನಗಿರಿ, ಹೊನ್ನಾಳಿಯವರಿಗೂ ಲಾಗ ಹಾಕಿದ ಗಾದಿಯೇ ಬೇಕು. ಗಿರಾಕಿ ಜಗಲಿಯಲ್ಲಿ ಕೂತರೆ ಸಾಕು, ಚಾಂದ್ ಓಡಿಬಂದು ನನ್ನ ಕತ್ತಿನ ಹಿಂದೆ ಕೈ ಇಡುತ್ತಾನೆ.

"ಗದ್ದ ಎದೆಗೆ ಹಚ್ಚಪ್ಪಾ. ಹೆದರಬ್ಯಾಡ, ನಾನು ಹಿಡ್ಕಂಡಿದೀನಿ."