ಕಂಪ್ಲಿ ಸಾಹುಕಾರರ ಬೆಂಕಿಗೂಡು

ಬಡಗಿ ಕೆಲಸ ಅಂದರೆ ಹಿಂಗೇ. ಹೇಳುವವರ ತಲೆಯಲ್ಲಿ ಒಂದಿರುತ್ತದೆ, ಕೇಳುವವನ ತಲೆಯಲ್ಲಿ ಇನ್ನೊಂದು, ಕಟ್ಟಿಗೆಯಲ್ಲಿ ಮೂಡುವುದು ಮೂರನೆಯದು. ಹೊಸಪೇಟೆಯಲ್ಲಿ ಅಂಗಡಿ ಇಟ್ಟಾಗಿನಿಂದ ಈ ಫಜೀತಿ ನನಗೆ ತಪ್ಪಿಲ್ಲ. ಆದರೆ ಕಂಪ್ಲಿಯ ಅಕ್ಕಿ ಮಿಲ್ಲಿನ ಸಾಹುಕಾರರ ಮನೆಯಲ್ಲಿ ಆದಷ್ಟು ಗಲಿಬಿಲಿ ಬೇರೆಲ್ಲೂ ಆಗಿಲ್ಲ.

ಊಟಿಯಿಂದ ಬಂದದ್ದು

ಕಾಲುವೆ ನೀರು ಬಂದು ಕಂಪ್ಲಿಯಲ್ಲಿ ಭತ್ತ, ಕಬ್ಬು ಚೆನ್ನಾಗಿ ಬೆಳೆದು, ಮಣ್ಣಿನ ಮಾಳಿಗೆಗಳೆಲ್ಲ ಆರ್‌ಸಿಸಿ ಆಗುತ್ತಿದ್ದ ಕಾಲ. ಸಾಹುಕಾರರೂ ಹೊಸ ಮನೆ ಕಟ್ಟಿಸಿದ್ದರು. ಮಗಳಿಗೆ ಗಂಡು ನೋಡುತ್ತಿದ್ದರು. ಬರುವ ಬೀಗರು ಹಾಲ್ ನೋಡಿಯೇ ಬೆರಗಾಗಬೇಕು ಎಂಬುದು ಅವರ ಆಸೆ. ಅಷ್ಟರಲ್ಲಿ ಹೆಂಡತಿಯನ್ನು ಕರೆದುಕೊಂಡು ಊಟಿಗೆ ಹೋಗಿಬಂದರು. ಬಂದವರೇ ನನಗೆ ಹೇಳಿಕಳಿಸಿದರು.

"ಮಿಸ್ತ್ರಿ, ಹಾಲ್‌ನ್ಯಾಗ ಬೆಂಕಿ ಹಚ್ಚೋ ಗೂಡು ಮಾಡ್ಬೇಕು. ಸುತ್ತ ಸಾಗವಾನಿ ಚೌಕಟ್ಟು, ಮ್ಯಾಲೊಂದು ಹಲಗಿ, ಎರಡೂ ಬಾಜು ಕಪಾಟು. ಊಟಿ ಬಂಗ್ಲೆದಾಗ ಹಂಗ ಇತ್ತು."

ಹೊರಗೆ ಬೇಸಿಗೆ ಬಿಸಿಲು ಕಲ್ಲು ಕಾಯಿಸುತ್ತಿತ್ತು. ನಾನು ಬೆವರು ಒರೆಸಿಕೊಂಡು ಕೇಳಿದೆ, "ಬೆಂಕಿ ಯಾಕ್ರೀ?"

"ಚಳಿಗಿ."

"ಚಳಿ ಎಲ್ಲೈತ್ರಿ?"

ಸಾಹುಕಾರರು ಯೋಚಿಸಿದರು. "ಅದನ್ನೂ ಮಾಡಾಕ ಬರೋದಾದ್ರ ನಿನಗೇ ಹೇಳ್ತಿದ್ದೆ. ಸದ್ಯಕ್ಕ ಗೂಡು ಮಾಡು."

ಮೊಣಕೈ ಅಳತೆ

ಎತ್ತರ ಎಷ್ಟಿರಬೇಕು ಎಂದು ಕೇಳಿದರೆ ಅಡಿ ಲೆಕ್ಕ ಅವರಿಗೆ ಗೊತ್ತಿಲ್ಲ. ಆ ಬಂಗಲೆಯಲ್ಲಿ ಒಂದು ಹಳೇ ಫೋಟೋ ಇತ್ತಂತೆ. ಅದರಲ್ಲಿ ಒಬ್ಬ ದೊರೆ ಹಲಗೆಯ ಮೇಲೆ ಮೊಣಕೈ ಊರಿ ನಿಂತಿದ್ದನಂತೆ. "ನಾನೂ ಹಂಗ ನಿಂದ್ರಬೇಕು. ನನ್ನ ಮೊಣಕೈ ಎಲ್ಲಿಗೆ ಬರ್ತದೋ ಅಲ್ಲಿಗೆ ಹಲಗಿ" ಎಂದರು.

ಅಳತೆ ತೆಗೆದುಕೊಂಡದ್ದು ಮಿಲ್ಲಿನಲ್ಲಿ. ಆಗ ಅವರ ಕಾಲಲ್ಲಿ ದಪ್ಪ ಅಟ್ಟೆಯ ಬೂಟು ಇತ್ತು, ನಿಂತದ್ದು ಭತ್ತದ ಹೊಟ್ಟಿನ ಗುಡ್ಡೆಯ ಮೇಲೆ. ಇದು ನನ್ನ ಗಮನಕ್ಕೂ ಬರಲಿಲ್ಲ, ಅವರ ಗಮನಕ್ಕೂ ಬರಲಿಲ್ಲ. ಹಲಗೆ ಕೂಡಿಸಿದ ದಿನ ಸಾಹುಕಾರರು ಬರಿಗಾಲಲ್ಲಿ ಹೋಗಿ ಮೊಣಕೈ ಊರಿದರು. ಭುಜ ಕಿವಿಗೆ ಬಂತು.

ಅಮ್ಮಾರು, ಅಂದರೆ ಅವರ ಹೆಂಡತಿ, ಅಡಿಗೆಮನೆ ಬಾಗಿಲಲ್ಲಿ ನಿಂತು ನೋಡಿ ಹೇಳಿದರು: "ದೊರಿ ಹಂಗೇನ್ ಕಾಣಂಗಿಲ್ಲ. ಹೊಸಪೇಟಿ ಬಸ್ಸಿನ್ಯಾಗ ಸೀಟು ಸಿಗದೋರ ಹಂಗ ಕಾಣ್ತೀರಿ."

ಹಲಗೆ ಇಳಿಸಿ ಕೂಡಿಸಿದೆ.

ಯಾಳಿ

ಎರಡು ಕಂಬ, ಮೇಲೆ ಅಡ್ಡ ಹಲಗೆ, ನಡುವೆ ಖಾಲಿ. ಈ ಆಕಾರದ ವಸ್ತು ನನ್ನ ಕೈಗೆ ಗೊತ್ತಿದ್ದದ್ದು ಒಂದೇ, ದೇವರ ಮಂಟಪ. ತಲೆಯಲ್ಲಿ ಊಟಿ ಎಂದುಕೊಂಡರೂ ಉಳಿ ಹಿಡಿದ ಕೈ ತನ್ನ ದಾರಿ ತಾನು ಹಿಡಿಯಿತು. ಕಂಬ ಅಂದರೆ ನಮ್ಮ ಕಡೆಯವರ ಕಣ್ಣಿಗೆ ಬರುವುದು ಹಂಪಿ ಕಂಬವೇ. ಬುಡದಲ್ಲಿ ಕಮಲ, ನಡುವೆ ಗಂಟೆ ಸರ, ತುದಿಯಲ್ಲಿ ಒಂದೊಂದು ಯಾಳಿ ಬಾಯಿ ತೆರೆದು ಕೂತವು.

ಸಾಹುಕಾರರು ಸುತ್ತ ತಿರುಗಿ ನೋಡಿದರು. "ಮಿಸ್ತ್ರಿ, ಊಟಿಯೊಳಗ ಈ ಸಿಂಹ ಇರಲಿಲ್ಲಲ್ಲ?"

"ಸಿಂಹ ಅಲ್ರೀ, ಯಾಳಿ."

"ಯಾಳಿನೂ ಇರಲಿಲ್ಲ."

"ಊಟಿಯೋರು ಹಂಪಿ ನೋಡಿಲ್ಲ ಬಿಡ್ರಿ" ಎಂದೆ.

ಅವರಿಗೆ ಆ ಮಾತು ಭಾಳ ಹಿಡಿಸಿತು. ಮರುದಿನದಿಂದ ನೋಡಲು ಬಂದವರಿಗೆಲ್ಲ ಅವರೇ ಹೇಳತೊಡಗಿದರು: "ಊಟಿಯೊಳಗಿನದು ಅರ್ಧಾ ಕೆಲಸ ರೀ. ಯಾಳಿನೇ ಕೂಡ್ಸಿಲ್ಲ."

ಎಡಗಡೆ

ಆಮೇಲೆ ಕಪಾಟಿನ ಸರದಿ. ಸಾಹುಕಾರರು ಒಬ್ಬರೇ ಇದ್ದಾಗ ನನ್ನನ್ನು ಕರೆದರು. ಗೋಡೆಗೆ ಬೆನ್ನು ಮಾಡಿ, ಹಲಗೆಯ ಮೇಲೆ ಮೊಣಕೈ ಊರಿ, "ಎಡಗಡೆ ಕಪಾಟು ನನ್ನದು. ಗಾಜಿನ ಬಾಗಲ ಹಾಕು. ಊಟಿಯಿಂದ ತಂದ ಗೊಂಬಿ ಇಡ್ತೀನಿ, ಜನ ನೋಡ್ಬೇಕು" ಎಂದರು.

ಅವರು ಮಿಲ್ಲಿಗೆ ಹೋದ ಮೇಲೆ ಅಮ್ಮಾರು ಬಂದರು. ಗೋಡೆಗೆ ಮುಖ ಮಾಡಿ ನಿಂತು, "ಎಡಗಡೆದು ನನಗ. ಗಟ್ಟಿ ಕಟ್ಟಿಗಿ ಬಾಗಲ, ಒಂದು ಬೀಗ. ಉಪ್ಪಿನಕಾಯಿ ಜಾಡಿ ಇಡ್ತೀನಿ, ಯಾರ ಕಣ್ಣಿಗೂ ಬೀಳಬಾರ್ದು" ಎಂದರು.

ಇಬ್ಬರೂ ಎಡಗಡೆ! ಬಲಗಡೆ ಯಾರಿಗೂ ಬೇಡ. ಯೋಚಿಸಿ ಯೋಚಿಸಿ ತಲೆ ಬಿಸಿಯಾಯಿತು. ಮನೆ ಯಜಮಾನರ ಮಾತು ಮೊದಲು ಎಂದುಕೊಂಡು, ನಾನು ಗೋಡೆಗೆ ಮುಖ ಮಾಡಿ ನಿಂತರೆ ಯಾವುದು ಎಡವೋ ಅದಕ್ಕೆ ಗಾಜು ಹಾಕಿದೆ. ಬಲಕ್ಕೆ ಕಟ್ಟಿಗೆ ಬಾಗಿಲು, ಬೀಗ.

ಅಮ್ಮಾರು ಬಂದವರೇ ತಮ್ಮ ಎಡಗಡೆಯ ಗಾಜಿನ ಕಪಾಟಿನಲ್ಲಿ ಮಾವಿನಕಾಯಿ, ನಿಂಬೆಕಾಯಿ, ಮೆಣಸಿನಕಾಯಿ ಜಾಡಿ ಸಾಲಾಗಿ ಜೋಡಿಸಿದರು. ಸಾಹುಕಾರರು ಬಂದು ಗೋಡೆಗೆ ಬೆನ್ನು ಮಾಡಿ ನಿಂತು, ತಮ್ಮ ಎಡಗಡೆಯ ಕತ್ತಲೆ ಕಪಾಟಿನಲ್ಲಿ ಗೊಂಬೆ ಇಟ್ಟು ಬೀಗ ಹಾಕಿದರು. ಬಾಗಿಲು ಅದಲುಬದಲಾಗಿದೆ ಎಂದು ಇಬ್ಬರಿಗೂ ಗೊತ್ತಾಯಿತು. ಆದರೆ ಜಾಗ ಬಿಟ್ಟುಕೊಡಲು ಒಬ್ಬರೂ ತಯಾರಿಲ್ಲ.

ಅಂದಿನಿಂದ ಬಂದವರೆಲ್ಲ ಉಪ್ಪಿನಕಾಯಿಯನ್ನು ಕಣ್ತುಂಬ ನೋಡುತ್ತಿದ್ದರು. ಗೊಂಬೆ ತೋರಿಸಬೇಕಾದರೆ ಸಾಹುಕಾರರು ಬೀಗ ತೆಗೆದು ಬ್ಯಾಟರಿ ಬಿಡುತ್ತಿದ್ದರು.

ತಣ್ಣನೆ ಬೆಂಕಿ

ಗೂಡೇನೋ ಆಯಿತು, ಹೊಗೆ ಹೋಗಲು ದಾರಿಯೇ ಇಲ್ಲ. ಸ್ಲ್ಯಾಬ್ ಒಡೆಯಲು ಸಾಹುಕಾರರು ಒಪ್ಪಲಿಲ್ಲ. ಬೆಂಕಿ ಹಚ್ಚಿದರೆ ಹೊಸ ಸುಣ್ಣ ಕಪ್ಪಾಗುತ್ತದೆ ಎಂದು ಅಮ್ಮಾರು ಒಪ್ಪಲಿಲ್ಲ. ಕೊನೆಗೆ ಕರೆಂಟ್ ಕೆಲಸದವನನ್ನು ಕರೆಸಿದರು. ಗೂಡಿನೊಳಗೆ ನಾಲ್ಕು ಕೊರಡು ಇಟ್ಟು, ಹಿಂದೆ ಕೆಂಪು ಬಲ್ಬು, ಬಲ್ಬಿನ ಹಿಂದೆ ಟೇಬಲ್ ಫ್ಯಾನು. ಫ್ಯಾನಿನ ಜಾಲರಿಗೆ ಕೆಂಪು ರಿಬ್ಬನ್ ಕಟ್ಟಿದರು. ಸ್ವಿಚ್ ಹಾಕಿದರೆ ರಿಬ್ಬನ್ನು ಕೊರಡಿನ ಮೇಲೆ ಪಟಪಟ ಹಾರಿ ಖರೇ ಉರಿಯ ಹಾಗೆಯೇ ಕಾಣುತ್ತಿತ್ತು.

ಓಣಿಯ ಜನ ಮಧ್ಯಾಹ್ನ ಊಟ ಮಾಡಿ ನೇರ ಇಲ್ಲಿಗೇ ಬರತೊಡಗಿದರು. ಒಬ್ಬ ಮುದುಕರಂತೂ ಚಾಪೆ ತಂದು ಅದರ ಮುಂದೆಯೇ ಮಲಗಿ, "ಸಾಹುಕಾರ್ರೇ, ಬೆಂಕಿ ಇನ್ನೊಂದೀಟು ಜೋರು ಮಾಡ್ರಿ, ಶೆಕಿ ಆಗ್ತೈತಿ" ಎಂದರು.

ಬೀಗರು

ಸಂಡೂರಿನಿಂದ ಗಂಡಿನ ಕಡೆಯವರು ಬರುವ ದಿನ ಬೆಳಿಗ್ಗೆ ಗೊಂಬೆ ಕಪಾಟಿನ ಬೀಗ ಜಾಮ್ ಆಯಿತು. ನನಗೆ ಕರೆ ಬಂತು. ನಾನು ಗೂಡಿನ ಪಕ್ಕ ಕೂತು ಬೀಗ ಬಿಚ್ಚುತ್ತಿದ್ದಾಗಲೇ ಅವರು ಹೇಳಿದ ಹೊತ್ತಿಗಿಂತ ಮೊದಲೇ ಬಂದುಬಿಟ್ಟರು. ಹುಡುಗ ಗಣಿ ಆಫೀಸಿನಲ್ಲಿ ಕೆಲಸಕ್ಕಿದ್ದವನು. ಜೊತೆಗೆ ಅಪ್ಪ, ಅವ್ವ, ಅಜ್ಜಿ. ಆ ಮನೆಯಲ್ಲಿ ಅಜ್ಜಿಯ ಮಾತೇ ಕೊನೆ ಮಾತು ಎಂಬುದು ಅವರು ಕೂತ ರೀತಿಯಲ್ಲೇ ತಿಳಿಯುತ್ತಿತ್ತು.

ಸಾಹುಕಾರರು ಸ್ವಿಚ್ ಹಾಕಿ, ಹಲಗೆಗೆ ಮೊಣಕೈ ಊರಲು ಹೊರಟರು. ಅಷ್ಟರಲ್ಲಿ ಅಜ್ಜಿ ಎದ್ದು ಬಂದರು. ಕಮಲ, ಗಂಟೆ ಸರ, ಯಾಳಿ ನೋಡಿದರು. ಮುಡಿಯಿಂದ ಹೂ ತೆಗೆದು ಹಲಗೆಯ ಮೇಲಿಟ್ಟು, ನೆಲಕ್ಕೆ ಹಣೆ ಹಚ್ಚಿ ನಮಸ್ಕಾರ ಮಾಡಿದರು. ನಾನು ಗಾಬರಿಯಾಗಿ ಕಾಲು ಹಿಂದಕ್ಕೆ ಎಳೆದುಕೊಂಡೆ.

"ಯಾವ ದೇವ್ರು ಇದು?" ಎಂದರು ಎದ್ದು.

ಸಾಹುಕಾರರು ನನ್ನ ಮುಖ ನೋಡಿದರು, ನಾನು ಅಮ್ಮಾರ ಮುಖ ನೋಡಿದೆ. ಸಾಹುಕಾರರ ಬಾಯಿಂದ ಹೊರಟದ್ದು ಒಂದೇ ಮಾತು: "ಅಗ್ನಿ."

"ಅಗ್ನಿ! ನಡುಮನಿಯಾಗ!" ಅಜ್ಜಿಯ ಕಣ್ಣು ತುಂಬಿತು. "ಇಂಥಾ ಮನಿ ನಾ ಎಲ್ಲೂ ನೋಡಿಲ್ಲಪ್ಪ. ಇನ್ನೇನು ಕೇಳೋದೈತಿ? ಇದರ ಮುಂದೇ ತಾಂಬೂಲ ಬದಲಾಯಿಸೋಣು. ತಾಟು ತರ್ರಿ."

ತಾಟು ಬಂತು. ಅಜ್ಜಿ ಎಲೆ ಅಡಿಕೆ ಕೈಗೆತ್ತಿಕೊಂಡರು. ಕರೆಂಟ್ ಹೋಯಿತು.

ಬಲ್ಬು ಆರಿತು. ರಿಬ್ಬನ್ನು ಜೋತುಬಿತ್ತು. ಅಜ್ಜಿಯ ಕೈ ಅಲ್ಲೇ ನಿಂತಿತು. "ಶುಭ ಕಾರ್ಯದಾಗ ಅಗ್ನಿ ಆರಿತಲ್ಲೋ! ಈ ಸಂಬಂಧ ನಮಗ ಕೂಡಿಬರಾಂಗಿಲ್ಲ, ಏಳ್ರಿ" ಎಂದು ತಾಟನ್ನು ಹಿಂದಕ್ಕೆ ಸರಿಸಿದರು. ಹುಡುಗನ ಅಪ್ಪ ಚಪ್ಪಲಿ ಹುಡುಕತೊಡಗಿದರು.

ಆಗ ಅಷ್ಟೊತ್ತು ಅಮ್ಮಾರ ಪಕ್ಕ ತಲೆ ತಗ್ಗಿಸಿ ಕೂತಿದ್ದ ಹುಡುಗಿ, ಸಾಹುಕಾರರ ಮಗಳು, ಎದ್ದಳು. "ಅಜ್ಜಿ, ಅಗ್ನಿ ಆರಿಲ್ಲ. ಅದು ಬಲ್ಬು, ಹಿಂದ ಫ್ಯಾನ್ ಐತಿ. ನಮ್ಮಪ್ಪ ಊಟಿಯೊಳಗ ಬೆಂಕಿಗೂಡು ನೋಡಿಬಂದು ಮಾಡಿಸ್ಯಾನ. ಈಗ ಕರೆಂಟ್ ಹೋಗೈತಿ, ಅಷ್ಟೇ" ಎಂದು ರಿಬ್ಬನ್ ಎಳೆದು ತೋರಿಸಿದಳು.

ಅಜ್ಜಿ ಬಗ್ಗಿ ನೋಡಿದರು. ಕೊರಡು ನೋಡಿದರು, ಫ್ಯಾನು ನೋಡಿದರು. "ಹಂಗಾರ ನಾ ಅಡ್ಡಬಿದ್ದದ್ದು ಯಾರಿಗವ್ವ?"

ಹುಡುಗಿ ತುಸು ಯೋಚಿಸಿ ನನ್ನ ಕಡೆ ಬೆರಳು ಮಾಡಿದಳು. "ಇವರಿಗೇ ಇರಬೇಕು ಅಜ್ಜಿ. ಇವ್ರು ನಮ್ಮ ಬಡಿಗೇರು."

ನಾನು ಸ್ಕ್ರೂಡ್ರೈವರ್ ಹಿಡಿದುಕೊಂಡೇ ಕೈ ಮುಗಿದೆ. ಮೊದಲು ನಕ್ಕದ್ದು ಹುಡುಗ. ಆಮೇಲೆ ಅಜ್ಜಿ, ಸೆರಗು ಬಾಯಿಗಿಟ್ಟುಕೊಂಡು, ಕಣ್ಣಲ್ಲಿ ನೀರು ಬರೋ ತನಕ ನಕ್ಕರು. ತಾಟನ್ನು ತಾವೇ ಮುಂದಕ್ಕೆ ಎಳೆದುಕೊಂಡರು. "ಖರೇ ಮಾತಾಡೋ ಹುಡುಗಿ ಸಿಕ್ಕಳು, ಸಾಕು. ಹಿಡೀರಿ ತಾಂಬೂಲ. ಆದ್ರ ಬೀಗರೇ, ಈ ಗೂಡು ಮಾತ್ರ ಬಳುವಳಿ ಅಂತ ನಮ್ಮನಿಗೆ ಕಳಸಬ್ಯಾಡ್ರಿ."

ಎಲ್ಲರೂ ಮತ್ತೆ ನಕ್ಕರು. ಸಾಹುಕಾರರು ಮಾತ್ರ ನಗಲಿಲ್ಲ. ಮೆಲ್ಲಗೆ ನನ್ನ ಹತ್ತಿರ ಸರಿದು ಕಿವಿಯಲ್ಲಿ ಕೇಳಿದರು:

"ಮಿಸ್ತ್ರಿ, ಸಂಡೂರು ಗುಡ್ಡದ ಊರು, ಅಲ್ಲಿ ಖರೇ ಚಳಿ ಇರ್ತದಲ್ಲ? ಹುಡುಗನ ಮೊಣಕೈ ಅಳತಿ ತಗೊಂಡುಬಿಡು."